ಕೂಡಿ ಕಳೆದರೆ ಸೊನ್ನೆ

ಕೇಳುಗರಿಗೆ ನಮಸ್ಕಾರ.

ಏನೂ ಇಲ್ಲದಿದ್ದಲ್ಲಿ ಇಷ್ಟು ದೊಡ್ಡ ವಿಶ್ವ ಹುಟ್ಟಿತೆಂದರೆ, ಅದಕ್ಕೆ ಬೇಕಾದ ಅಪಾರ ಶಕ್ತಿ ಎಲ್ಲಿಂದ ಬಂತೆಂದು ನೀವು ಕೇಳುವುದು ಸಹಜ. ನನ್ನ ಉತ್ತರ ಒಂದೇ: ವಿಶ್ವದ ಒಟ್ಟು ಶಕ್ತಿ ಸೊನ್ನೆಯಾಗಿರಬಹುದು. ಸೊನ್ನೆಯಾಗಿದ್ದರೆ ಅದನ್ನು ಯಾರೂ ಎಲ್ಲಿಂದಲೂ ತರಬೇಕಾಗಿಲ್ಲ.

ನಕ್ಷತ್ರಗಳಲ್ಲಿ, ಬೆಳಕಿನಲ್ಲಿ, ನಮ್ಮ ದೇಹದಲ್ಲಿ ಇರುವುದು ಧನಶಕ್ತಿ, ಅಂದರೆ ಕೂಡುವ (+) ಶಕ್ತಿ; ಗುರುತ್ವಾಕರ್ಷಣೆಯದು ಋಣಶಕ್ತಿ, ಅಂದರೆ ಕಳೆಯುವ (−) ಶಕ್ತಿ. ಬಾವಿಯ ತಳದಲ್ಲಿರುವ ಕೊಡವನ್ನು ಮೇಲೆ ತರಲು ನಾವು ಶಕ್ತಿ ವ್ಯಯಿಸಬೇಕಷ್ಟೆ. ಆದ್ದರಿಂದ ನೆಲಮಟ್ಟವನ್ನು ಸೊನ್ನೆಯೆಂದು ಹಿಡಿದರೆ ತಳದ ಕೊಡದ ಶಕ್ತಿ ಸೊನ್ನೆಗಿಂತ ಕಡಿಮೆ. ಪರಸ್ಪರ ಸೆಳೆತಕ್ಕೆ ಸಿಕ್ಕ ಆಕಾಶಕಾಯಗಳ ಲೆಕ್ಕವೂ ಹೀಗೆಯೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಅಮೆರಿಕದ ನೌಕಾಪಡೆಯ ಕೆಲಸದ ನಿಮಿತ್ತ ಐನ್‌ಸ್ಟೈನರನ್ನು ಕಾಣಲು ಪ್ರಿನ್ಸ್‌ಟನ್ನಿಗೆ ಹೋಗುತ್ತಿದ್ದರು. ಒಂದು ದಿನ ಇಬ್ಬರೂ ನಡೆದು ಹೋಗುತ್ತಿದ್ದಾಗ ಗ್ಯಾಮೊ, ಜರ್ಮನಿಯ ಪಾಸ್ಕುಅಲ್ ಜೋರ್ಡಾನರ ವಿಚಾರವೊಂದನ್ನು ಮಾತಿನ ನಡುವೆ ಪ್ರಸ್ತಾಪಿಸಿದರು: ನಕ್ಷತ್ರವೊಂದರ ದ್ರವ್ಯದಲ್ಲಿರುವ ಧನಶಕ್ತಿಯನ್ನು ಅದರ ಗುರುತ್ವದ ಋಣಶಕ್ತಿ ಪೂರ್ತಿಯಾಗಿ ಸರಿದೂಗಿಸಬಲ್ಲದು, ಹಾಗಾಗಿ ಅದು ಶೂನ್ಯದಿಂದಲೇ ಹುಟ್ಟಬಹುದು. ಐನ್‌ಸ್ಟೈನ್ ತಟ್ಟನೆ ನಿಂತುಬಿಟ್ಟರು. ಆಗ ಅವರು ರಸ್ತೆ ದಾಟುತ್ತಿದ್ದುದರಿಂದ, ಅವರಿಗೆ ಗುದ್ದದಿರಲು ಹಲವು ಕಾರುಗಳೂ ನಿಲ್ಲಬೇಕಾಯಿತೆಂದು ಗ್ಯಾಮೊ ಬರೆದಿದ್ದಾರೆ. ದ್ರವ್ಯವೂ ಶಕ್ತಿಯೇ ಎಂದು 1905ರಲ್ಲಿ ತೋರಿಸಿ, 1915ರಲ್ಲಿ ಗುರುತ್ವದ ಹೊಸ ಸಿದ್ಧಾಂತವನ್ನೇ ಕೊಟ್ಟ ಮಹನೀಯರನ್ನು ಈ ಕೂಡು-ಕಳೆಯುವ ಲೆಕ್ಕ ನಡುರಸ್ತೆಯಲ್ಲಿ ನಿಲ್ಲಿಸಿತು. ಶೂನ್ಯದಿಂದ ಏನೂ ಬಾರದೆಂದು ಒಂದೇ ಮಾತಿನಲ್ಲಿ ಚರ್ಚೆ ಮುಗಿಸುವವರು ದಯವಿಟ್ಟು ಈ ಲೆಕ್ಕದ ಮುಂದೆ ಒಂದು ಕ್ಷಣವಾದರೂ ನಿಲ್ಲಬೇಕು.

ಸಮಯ ಕಡಿಮೆಯಿರುವುದರಿಂದ ಉಳಿದುದನ್ನು ಬೇಗ ಹೇಳುತ್ತೇನೆ. 1973ರಲ್ಲಿ ಭೌತವಿಜ್ಞಾನಿ ಎಡ್ವರ್ಡ್ ಟ್ರಯಾನ್ ಈ ಲೆಕ್ಕವನ್ನು ಇಡೀ ವಿಶ್ವಕ್ಕೆ ಅನ್ವಯಿಸಿ, ವಿಶ್ವವು ನಿರ್ವಾತದಲ್ಲಿ, ಅಂದರೆ ಯಾವ ದ್ರವ್ಯವೂ ಇಲ್ಲದ ಬರಿದಾದ ಜಾಗದಲ್ಲಿ, ತಾನಾಗಿ ಎದ್ದ ಒಂದು ಕ್ವಾಂಟಂ ಏರಿಳಿತ, ಅಂದರೆ ಅತಿಸೂಕ್ಷ್ಮ ಮಟ್ಟದಲ್ಲಿ ಶಕ್ತಿ ತಾನಾಗಿ ಏರಿ ಇಳಿಯುವ ಕ್ರಿಯೆ, ಆಗಿರಬಹುದೆಂದರು. ನಿರ್ವಾತ ಸುಮ್ಮನಿರುವುದಿಲ್ಲವೆಂಬುದು ಬರಿಯ ಊಹೆಯಲ್ಲ. ಅದರ ಏರಿಳಿತಗಳಿಂದ ಎರಡು ಲೋಹದ ಫಲಕಗಳು ಒಂದನ್ನೊಂದು ಸೆಳೆಯುತ್ತವೆಂದು 1948ರಲ್ಲಿ ಭೌತವಿಜ್ಞಾನಿ ಕ್ಯಾಸಿಮಿರ್ ಹೇಳಿದ್ದರು, ಆ ಸೆಳೆತವನ್ನು 1997ರಲ್ಲಿ ನಿಖರವಾಗಿ ಅಳೆಯಲಾಯಿತು. 1982ರಲ್ಲಿ ಭೌತವಿಜ್ಞಾನಿ ಅಲೆಕ್ಸಾಂಡರ್ ವಿಲೆಂಕಿನ್, ಆ ನಿರ್ವಾತವೂ ಬೇಡ, ಜಾಗ ಮತ್ತು ಕಾಲಗಳೇ ಇಲ್ಲದ ಸ್ಥಿತಿಯಿಂದ ಪುಟ್ಟ ವಿಶ್ವವೊಂದು ಮೂಡಬಹುದೆಂದು ಗಣಿತದಿಂದ ತೋರಿಸಿದರು.

ಇಂಥ ಏರಿಳಿತ ಎಷ್ಟು ಹೆಚ್ಚು ಶಕ್ತಿಯನ್ನು ಬೇಡುತ್ತದೆಯೋ ಅಷ್ಟು ಬೇಗ ಅಳಿಯುತ್ತದೆ. ಒಟ್ಟು ಶಕ್ತಿಯೇ ಸೊನ್ನೆಯಾಗಿರುವ ಏರಿಳಿತಕ್ಕೆ ಆ ಗಡುವಿಲ್ಲ. ಅದು ನಮ್ಮ ವಿಶ್ವದ ವಯಸ್ಸಾದ 1380 ಕೋಟಿ ವರ್ಷಗಳ ಕಾಲವೂ ಉಳಿಯಬಲ್ಲದು. ನಮಸ್ಕಾರ.