ಮರಳಿನಲ್ಲಿ ನೆಟ್ಟ ಕಡ್ಡಿ

ಎಲ್ಲರಿಗೂ ನಮಸ್ಕಾರ.

ಕೊಲೊರಾಡೊ ನದಿಯಲ್ಲಿ ಮಾಡಿದ ರಾಫ್ಟಿಂಗ್ ಪ್ರವಾಸದ ಮೊದಲ ದಿನ ಸಂಜೆ ಕಂಡ ಒಂದು ಚಿಕ್ಕ ಕೆಲಸದಿಂದ ಶುರು ಮಾಡುತ್ತೇನೆ. ರಾಫ್ಟ್‌ಗಳನ್ನು, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಗಳನ್ನು, ದಡಕ್ಕೆ ಕಟ್ಟಿ ಆಗಿತ್ತು. ಒಲೆ ಹಚ್ಚಿದ್ದರು. ನಮ್ಮ ಮುಖ್ಯ ಗೈಡ್ ಒಬ್ಬ ಹೆಂಗಸು, ಎಷ್ಟೋ ವರ್ಷಗಳಿಂದ ಅದೇ ನದಿಯಲ್ಲಿ ಹುಟ್ಟು ಹಾಕುತ್ತಿರುವವರು. ಅವರು ಒಂದು ಒಣ ಕಡ್ಡಿ ಹುಡುಕಿ ತಂದರು. ನೀರು ಮರಳನ್ನು ಮುಟ್ಟುವ ಗೆರೆಯ ಮೇಲೇ ಅದನ್ನು ನೆಟ್ಟರು. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಿದರು. ಆಮೇಲೆ ಎದ್ದು ಅಡುಗೆಗೆ ಹೋದರು. ಏನಿದು ಅಂತ ಕೇಳಿದೆ. "ರಾತ್ರಿ ಎಚ್ಚರ ಆದಾಗ ನೀರು ಏರಿದೆಯೋ ಇಳಿದಿದೆಯೋ ಗೊತ್ತಾಗಬೇಕಲ್ಲ" ಅಂದರು.

ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಸುತ್ತ ಮರುಭೂಮಿ. ನದಿ ರಾತ್ರೋರಾತ್ರಿ ಯಾಕೆ ಏರಬೇಕು? ಇದು ಅರ್ಥವಾಗಲು ನನಗೆ ಎರಡು ಮೂರು ದಿನ ಬೇಕಾಯಿತು. ಇವತ್ತು ಹೇಳಬೇಕು ಅಂದುಕೊಂಡಿರುವುದು ಹೆಚ್ಚುಕಡಿಮೆ ಅದನ್ನೇ. ರಾಫ್ಟಿಂಗ್ ಅಂದರೆ ಅಲೆಗೆ ಎದೆಯೊಡ್ಡುವುದು ಅಂತ ನಾನು ಹೋಗಿದ್ದೆ. ಅಲ್ಲಿ ನಮ್ಮನ್ನು ಕಾಪಾಡಿದ್ದು ದಡದಲ್ಲಿ ನಿಂತು ನೀರನ್ನು ಸುಮ್ನೆ ನೋಡುತ್ತಿದ್ದ ನಾಲ್ಕು ಜನ.

ಜಾಗ ಗ್ರ್ಯಾಂಡ್ ಕ್ಯಾನ್ಯನ್. ಅಮೆರಿಕದ ಅರಿಜೋನಾದಲ್ಲಿ ಕೊಲೊರಾಡೊ ನದಿ ಕೊರೆದ ಕಮರಿ. ಲೀಸ್ ಫೆರಿ ಎಂಬ ಕಡೆ ರಾಫ್ಟ್ ಇಳಿಸುತ್ತಾರೆ. ಅದು ಮೈಲಿ ಸೊನ್ನೆ. ಅಲ್ಲಿಂದ ಕೆಳಗೆ ಎಲ್ಲಕ್ಕೂ ಮೈಲಿಯೇ ವಿಳಾಸ. 33ನೇ ಮೈಲಿಯಲ್ಲಿ ದೊಡ್ಡ ಗುಹೆ, 53ರಲ್ಲಿ ಪ್ರಾಚೀನ ಜನ ಬಂಡೆಯ ಎತ್ತರದಲ್ಲಿ ಕಟ್ಟಿದ ಕಣಜಗಳು, ಹೀಗೆ. ನಾವು 226ನೇ ಮೈಲಿಯ ಡೈಮಂಡ್ ಕ್ರೀಕ್‌ನಲ್ಲಿ ಮೇಲೆ ಬಂದೆವು. ಅದು ವಾಲಪಾಯ್ ಜನರ ನೆಲ. ಒಟ್ಟು ಸುಮಾರು 364 ಕಿಲೋಮೀಟರ್, 14 ದಿನ. ಮೋಟಾರು ರಾಫ್ಟ್ ಆದರೆ ಒಂದು ವಾರ ಸಾಕು. ನಮ್ಮವು ಹುಟ್ಟು ಹಾಕುವ ರಾಫ್ಟ್‌ಗಳು. ಸಮಯ ಇದ್ದರೆ ನೀವೂ ಹುಟ್ಟಿನ ರಾಫ್ಟನ್ನೇ ಆರಿಸಿಕೊಳ್ಳಿ. ಮೋಟಾರಿನ ಸದ್ದಿಲ್ಲದಿದ್ದರೆ ರಾಪಿಡ್, ಅಂದರೆ ನದಿ ಬಂಡೆಗಳ ಮೇಲೆ ಬಿರುಸಾಗಿ ಧುಮುಕುವ ಜಾಗ, ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಸಿಗುತ್ತದೆ.

ಈಗ ಕಡ್ಡಿಯ ವಿಷಯ. ಲೀಸ್ ಫೆರಿಯಿಂದ ಸುಮಾರು 25 ಕಿಲೋಮೀಟರ್ ಮೇಲೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಇದೆ. 1963ರಲ್ಲಿ ಅದರ ಗೇಟು ಮುಚ್ಚಿದರು. ಅಲ್ಲಿಂದ ಮುಂದೆ ಈ ನದಿಯ ಏರಿಳಿತವನ್ನು ಋತುಗಳಿಗಿಂತ ಜಾಸ್ತಿ ವಿದ್ಯುತ್ ಬೇಡಿಕೆ ನಿರ್ಧರಿಸುತ್ತದೆ. ದೂರದ ನಗರಗಳಲ್ಲಿ ಜನ ಏಸಿ ಹಾಕಿದಾಗ ಟರ್ಬೈನಿಗೆ ಹೆಚ್ಚು ನೀರು ಬಿಡುತ್ತಾರೆ. ಮಲಗಿದಾಗ ಕಡಿಮೆ ಮಾಡುತ್ತಾರೆ. ಆ ಏರಿಳಿತ ಕಮರಿಯೊಳಗೆ ನಿಧಾನವಾಗಿ ಇಳಿದು ಬರುತ್ತದೆ. ಕೆಳಗೆ ಹೋದಷ್ಟೂ ತಡ. ಹಾಗಾಗಿ ಸಮುದ್ರದಿಂದ ನೂರಾರು ಮೈಲಿ ದೂರದ ಈ ನದಿಗೆ ದಿನವೂ ಉಬ್ಬರ ಇಳಿತ. ಎಂಟು ಸಾವಿರ ಕ್ಯೂಸೆಕ್‌ನಲ್ಲಿ ಬಂಡೆಗಳು ತಲೆ ಎತ್ತಿರುತ್ತವೆ. ಇಪ್ಪತ್ತು ಸಾವಿರದಲ್ಲಿ ಅವೇ ಬಂಡೆಗಳು ನೀರಿನಡಿ ಮುಳುಗುತ್ತವೆ, ಅವುಗಳಾಚೆ ನೀರು ಧುಮುಕಿ ಹಿಂದಕ್ಕೆ ಮಗುಚಿಕೊಳ್ಳುವ ಹೊಂಡಗಳಾಗುತ್ತವೆ. ರಾಪಿಡ್ ಅದೇ, ದಾರಿ ಬೇರೆ. ಕಡ್ಡಿ ನೆಡದೆ ಮಲಗಿದರೆ ಬೆಳಿಗ್ಗೆ ರಾಫ್ಟ್ ಮರಳಿನ ಮೇಲೆ ಒಣಗುತ್ತಾ ಕೂತಿರಬಹುದು. ಆಹಾರ, ಹಾಸಿಗೆ, ಪೆಟ್ಟಿಗೆ ತುಂಬಿದ ರಾಫ್ಟನ್ನು ತಳ್ಳುವುದು ಸುಲಭ ಅಲ್ಲ.

ಅಣೆಕಟ್ಟಿನಿಂದ ಇನ್ನೂ ಒಂದು ಬದಲಾವಣೆ ಆಗಿದೆ. ಜಲಾಶಯ ತುಂಬಿದ್ದಾಗ ಟರ್ಬೈನಿಗೆ ನೀರು ಹೋಗುವುದು ಮೇಲ್ಮೈಯಿಂದ ಸುಮಾರು 70 ಮೀಟರ್ ಆಳದಿಂದ. ಅಲ್ಲಿಗೆ ಬಿಸಿಲು ತಲುಪುವುದಿಲ್ಲ. ನದಿಗೆ ಬರುವ ಆ ನೀರು ಹತ್ತು ಡಿಗ್ರಿ ಆಸುಪಾಸು ಇರುತ್ತದೆ. ಜಲಾಶಯದ ಮಟ್ಟ ತುಂಬಾ ಇಳಿದ ವರ್ಷಗಳಲ್ಲಿ ಬೆಚ್ಚಗಾಗುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಕಮರಿಯ ತಳದ ಗಾಳಿ ನಲವತ್ತು ಡಿಗ್ರಿ ದಾಟುತ್ತದೆ. ತಲೆ ಸುಡುತ್ತದೆ, ಕಾಲು ಮರಗಟ್ಟುತ್ತದೆ, ಒಂದೇ ಹೊತ್ತಿಗೆ. ಬಿಸಿಲಿನ ಹೊಡೆತ, ಚಳಿಯ ಹೊಡೆತ ಎರಡಕ್ಕೂ ಗೈಡ್‌ಗಳು ತಯಾರಿರಬೇಕು.

ಆ ಚಳಿ ನನಗೆ ಗೊತ್ತಾಗಿದ್ದು ಎರಡನೇ ದಿನ. 17ನೇ ಮೈಲಿಯಲ್ಲಿ ಹೌಸ್ ರಾಕ್ ಅನ್ನುವ ರಾಪಿಡ್ ಇದೆ. ಹರಿವು ಎಲ್ಲವನ್ನೂ ಎಡಕ್ಕೆ, ಒಂದು ದೊಡ್ಡ ಹೊಂಡದ ಕಡೆಗೆ ಎಳೆಯುತ್ತದೆ. ಗೈಡ್ ಬಲಕ್ಕೆ ಎಳೆದರು, ಆದರೂ ಅದರ ಅಂಚು ತಾಗಿತು. ನಾನು ಹಗ್ಗ ಬಿಟ್ಟು ಟೋಪಿ ಹಿಡಿದಿದ್ದೆ. ನೀರಿಗೆ ಬಿದ್ದೆ. ಬಿದ್ದ ಕ್ಷಣದಲ್ಲಿ ಎದೆ ಬಿಗಿದುಕೊಂಡಿತು. ಉಸಿರು ಎಳೆಯೋಣ ಅಂದರೆ ಆಗುತ್ತಿಲ್ಲ. ಲೈಫ್ ಜಾಕೆಟ್ ಮೇಲೆತ್ತಿತು. ಬೆಳಿಗ್ಗೆ ಮೂರು ಸಲ ಹೇಳಿಸಿದ್ದ ಪಾಠ ಆಗ ನೆನಪಿಗೆ ಬಂತು. ಕಾಲು ಮೇಲೆ, ಕಾಲು ನೀರು ಹೋಗುವ ಕಡೆಗೆ, ನಿಲ್ಲಲು ಹೋಗಬೇಡ. ತಳದ ಕಲ್ಲುಗಳ ನಡುವೆ ಪಾದ ಸಿಕ್ಕಿಕೊಂಡರೆ ನೀರು ನಮ್ಮನ್ನು ಮುಂದಕ್ಕೆ ಮಗುಚಿ ಒತ್ತಿ ಹಿಡಿಯುತ್ತದೆ. ಒಂದು ನಿಮಿಷವೂ ಆಗಿರಲಿಲ್ಲವೇನೋ, ಇಬ್ಬರು ಜಾಕೆಟ್ಟಿನ ಭುಜ ಹಿಡಿದು ಎಳೆದು ಹಾಕಿದರು. ಇಬ್ಬರೂ ನನ್ನಂತೆಯೇ ಪ್ರವಾಸಿಗಳು. ಹಿಂದಿನ ದಿನ ತಾನೇ ಪರಿಚಯ ಆದವರು. ಅವರಿಗೂ ಅದೇ ಪಾಠ ಆಗಿತ್ತು.

ಗೈಡ್ ಇದ್ದಾರೆ ಅಂದರೆ ನಾವು ಮೂಟೆಗಳಂತೆ ಕೂತಿರಬಹುದು ಅಂತ ಕೆಲವರು ತಿಳಿದಿರುತ್ತಾರೆ. ಹಾಗಿರುವುದಿಲ್ಲ. ದಿನವೂ ಸಂಜೆ ರಾಫ್ಟಿನಿಂದ ಮರಳದಂಡೆಯವರೆಗೆ ಎಲ್ಲರೂ ಸಾಲಾಗಿ ನಿಲ್ಲುತ್ತೇವೆ. ಚೀಲಗಳು ಕೈಯಿಂದ ಕೈಗೆ ಹೋಗುತ್ತವೆ. ಯಾರ ಚೀಲ ಅಂತ ಯಾರೂ ನೋಡುವುದಿಲ್ಲ. ಬೆಳಿಗ್ಗೆ ಅದೇ ಸಾಲು, ತಿರುಗುಮುರುಗು. ಮೂರನೇ ದಿನದ ಹೊತ್ತಿಗೆ ಯಾರ ಬೆನ್ನು ನೋಯುತ್ತದೆ, ಯಾರು ನೀರು ಕಡಿಮೆ ಕುಡಿಯುತ್ತಾರೆ, ಯಾರಿಗೆ ಒಳಗೊಳಗೇ ಭಯ ಇದೆ ಅನ್ನುವುದು ಸಾಲಿಗೆ ಗೊತ್ತಾಗಿತ್ತು. ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಬೆವರಿನಲ್ಲಿ ಉಪ್ಪು ಹೋಗಿ ಬರೀ ನೀರು ತುಂಬಿಕೊಂಡರೆ ತಲೆನೋವು, ವಾಂತಿ, ಕೊನೆಗೆ ಪ್ರಜ್ಞೆಯೂ ತಪ್ಪಬಹುದು. ಉಪ್ಪಿನ ತಿಂಡಿಯ ಡಬ್ಬಿ ಸಾಲಿನಲ್ಲಿ ಸುತ್ತುತ್ತಲೇ ಇರುತ್ತಿತ್ತು.

ಇನ್ನು ರಾಪಿಡ್‌ಗಳು. ನನಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹಿಡಿಸಿದ ವಿಷಯ ಇದು. ರಾಪಿಡ್ ಯಾಕೆ ಇರುವ ಕಡೆಯೇ ಇರುತ್ತದೆ? ಮುಖ್ಯ ನದಿಯನ್ನು ನೋಡುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಪಕ್ಕಕ್ಕೆ ತಿರುಗಬೇಕು. ಹೆಚ್ಚುಕಡಿಮೆ ಪ್ರತಿ ದೊಡ್ಡ ರಾಪಿಡ್ಡಿನ ಪಕ್ಕ ಒಂದು ಹಳ್ಳ ಬಂದು ಸೇರುತ್ತದೆ. ಎಷ್ಟೋ ಹಳ್ಳಗಳು ವರ್ಷದ ಹೆಚ್ಚಿನ ಭಾಗ ಒಣಗಿಯೇ ಇರುತ್ತವೆ. ಯಾವತ್ತೋ ಒಂದು ದಿನ ಮೇಲೆ ಬಿರುಮಳೆ ಬೀಳುತ್ತದೆ. ಕೆಸರು, ಕಲ್ಲು, ಕಾರಿನಷ್ಟು ದೊಡ್ಡ ಬಂಡೆಗಳು ಎಲ್ಲ ಕಲಸಿಕೊಂಡು, ಹಸಿ ಕಾಂಕ್ರೀಟಿನ ಹಾಗೆ ಇಳಿದು ಬಂದು ನದಿಯ ಬಾಯಿಗೆ ಬೀಳುತ್ತವೆ. ನದಿ ಇಕ್ಕಟ್ಟಾಗುತ್ತದೆ, ಮೇಲುಗಡೆ ನಿಂತ ಕೆರೆಯಂತಾಗುತ್ತದೆ, ಬಂಡೆಗಳ ಮೇಲೆ ಧುಮುಕುತ್ತದೆ. ಅದೇ ರಾಪಿಡ್.

98ನೇ ಮೈಲಿಯ ಕ್ರಿಸ್ಟಲ್ ಇದಕ್ಕೆ ಸಾಕ್ಷಿ. 1966ರ ಡಿಸೆಂಬರ್‌ವರೆಗೆ ಅದು ಯಾರೂ ತಲೆ ಕೆಡಿಸಿಕೊಳ್ಳದ ಸಾಧಾರಣ ರಾಪಿಡ್. ಆ ತಿಂಗಳ ಒಂದು ಮಳೆಗೆ ಕ್ರಿಸ್ಟಲ್ ಹಳ್ಳ ಬಂಡೆಗಳನ್ನು ತಂದು ಸುರಿಯಿತು. ಅಲ್ಲಿಂದ ಮುಂದೆ ಅದು ಇಡೀ ನದಿಯ ಅತಿ ಕಷ್ಟದ ರಾಪಿಡ್‌ಗಳಲ್ಲಿ ಒಂದು. 1983ರಲ್ಲಿ ಜಲಾಶಯ ತುಂಬಿ ತೊಂಬತ್ತು ಸಾವಿರ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾದ ಬೇಸಿಗೆಯಲ್ಲಿ ಅಲ್ಲಿ ದೊಡ್ಡ ಮೋಟಾರು ರಾಫ್ಟ್‌ಗಳೇ ಮಗುಚಿದವು.

ಇಂಥ ಕಡೆ ಗೈಡ್‌ಗಳು ಮೇಲೆಯೇ ರಾಫ್ಟ್ ಕಟ್ಟಿ, ದಡದ ಬಂಡೆ ಹತ್ತಿ ನಿಲ್ಲುತ್ತಾರೆ. ನೂರಾರು ಸಲ ಇಳಿದ ಗೈಡ್ ಕೂಡ ನಿಲ್ಲುತ್ತಾರೆ. ಮೊದಲು ನಾಲಿಗೆ ಎಲ್ಲಿದೆ ನೋಡುತ್ತಾರೆ. ರಾಪಿಡ್ಡಿನ ತಲೆಯಲ್ಲಿ ನುಣ್ಣಗೆ, ಗಾಜಿನಂತೆ ಇಳಿಯುವ ನೀರಿಗೆ ಹಾಗೆ ಹೆಸರು. ಆಮೇಲೆ ಹೊಂಡಗಳು, ಸುಳಿಗಳು, ಪಕ್ಕದಿಂದ ಹೊಡೆಯುವ ಅಲೆಗಳು. ಒಂದು ನೊರೆಯ ಗುಳ್ಳೆ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಅಂತ ಬೆರಳಲ್ಲಿ ತೋರಿಸುತ್ತಾರೆ. ಮೇಲಿಂದ ಕಾಣುವ ಗುರುತುಗಳು ನೀರಿನ ಮಟ್ಟದಿಂದ ಕಾಣುವುದಿಲ್ಲ. ಹಾಗಾಗಿ ಕೆಳಗೆ ಹೋದ ಮೇಲೆ ಹಿಡಿಯಲು ಒಂದೆರಡು ಗುರುತನ್ನು ಮನಸ್ಸಲ್ಲಿ ಇಟ್ಟುಕೊಂಡು ಇಳಿಯುತ್ತಾರೆ. ಆ ಹೊತ್ತಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಾವೂ ಕಲಿತೆವು, ಸುಮ್ಮನಿರಲು.

ನೋಡುವುದರ ಬಗ್ಗೆ ಮಾತಾಡುವಾಗ ಇಬ್ಬರು ಹೆಂಗಸರನ್ನು ಬಿಡಲು ನನಗೆ ಮನಸ್ಸಾಗುವುದಿಲ್ಲ. ಎಲ್ಜಾಡಾ ಕ್ಲೋವರ್, ಲೋಯಿಸ್ ಜಾಟರ್. ಇಬ್ಬರೂ ಸಸ್ಯವಿಜ್ಞಾನಿಗಳು. 1938ರಲ್ಲಿ ನಾರ್ಮನ್ ನೆವಿಲ್ಸ್ ನಡೆಸಿದ ಮರದ ದೋಣಿಗಳಲ್ಲಿ ಸುಮಾರು ಆರು ವಾರ ಪ್ರಯಾಣ ಮಾಡಿ ಈ ಕಮರಿಯನ್ನು ದಾಟಿದರು. ದೋಣಿಯಲ್ಲಿ ಇದನ್ನು ಪೂರ್ತಿ ದಾಟಿದ ಮೊದಲ ಹೆಂಗಸರು ಅಂತ ದಾಖಲೆ ಇರುವುದು ಇವರಿಬ್ಬರದೇ. ಪತ್ರಿಕೆಗಳಿಗೆ ಸಾಹಸ ಬೇಕಿತ್ತು. ಇವರು ಹೋಗಿದ್ದು ಗಿಡ ನೋಡಲು. ದಿನವಿಡೀ ನದಿಯ ಜೊತೆ ಹೋರಾಡಿ, ದಡದ ಪಾಪಾಸುಕಳ್ಳಿ, ಪೊದೆಗಳನ್ನು ಪಟ್ಟಿ ಮಾಡಿದರು. ಆಗ ಅಣೆಕಟ್ಟು ಇರಲಿಲ್ಲ. ಅಣೆಕಟ್ಟಿಗೆ ಮುಂಚೆ ಈ ದಂಡೆಯಲ್ಲಿ ಏನು ಬೆಳೆಯುತ್ತಿತ್ತು ಅಂತ ಇವತ್ತು ಕೇಳಿದರೆ ಅವರ ಪಟ್ಟಿ ಸಿಗುತ್ತದೆ. ಈಗ ದಂಡೆಯಲ್ಲಿ ಹಬ್ಬಿರುವ ಟ್ಯಾಮರಿಸ್ಕ್ ಹೊರಗಿನಿಂದ ಬಂದ ಪೊದೆ. ಮೊದಲು ವರ್ಷವರ್ಷದ ನೆರೆ ದಡವನ್ನು ತೊಳೆದು ಹೋಗುತ್ತಿತ್ತು. ನೆರೆ ನಿಂತ ಮೇಲೆ ಅದಕ್ಕೆ ನೆಲೆ ಸಿಕ್ಕಿತು.

ಮರಳಿನ ಕಥೆಯೂ ಹಾಗೇ. ನಾವು ಮಲಗುತ್ತಿದ್ದ ದಂಡೆಗಳನ್ನು ಕಟ್ಟಿದ್ದು ಹಳೆಯ ನೆರೆಗಳು. ಈಗ ಮೇಲಿನಿಂದ ಬರುವ ಮರಳು ಜಲಾಶಯದ ತಳದಲ್ಲಿ ಕೂರುತ್ತದೆ. ಕೆಳಗೆ ತಿಳಿನೀರು ಮಾತ್ರ ಬರುತ್ತದೆ, ಇದ್ದ ಮರಳನ್ನೂ ಕೊಂಡೊಯ್ಯುತ್ತದೆ. 1996ರಲ್ಲಿ ಮೊದಲ ಸಲ ಬೇಕಂತಲೇ 45,000 ಕ್ಯೂಸೆಕ್ ಬಿಟ್ಟು ದಂಡೆಗಳನ್ನು ಮತ್ತೆ ಕಟ್ಟುವ ಪ್ರಯೋಗ ಮಾಡಿದರು. ಆಮೇಲೂ ಕೆಲವು ಸಲ ಮಾಡಿದ್ದಾರೆ. ಇನ್ನೂ ಹೆಚ್ಚು ಸಲ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅಂಥ ಒಂದು ದಂಡೆಯ ಮೇಲೆ ರಾತ್ರಿ ಮಲಗಿ, ಅಂಚಿನಿಂದ ಮರಳು ಕುಸಿಯುವ ಸದ್ದು ಕೇಳಿದವರಿಗೆ ಬೇರೆ ಅಭಿಪ್ರಾಯ ಬರುವುದು ಕಷ್ಟ.

ಇರುವ ದಂಡೆಗಳೇ ಕಡಿಮೆ, ಜನ ಜಾಸ್ತಿ. ಅದಕ್ಕೇ ನಿಯಮಗಳು ಬಿಗಿ. ಮಲವನ್ನು ಪೆಟ್ಟಿಗೆಯಲ್ಲಿ ತುಂಬಿ ಹೊರಗೆ ಸಾಗಿಸಬೇಕು. ಆ ಪೆಟ್ಟಿಗೆಗೆ 'ಗ್ರೂವರ್' ಅಂತ ಹೆಸರು. ಹಿಂದೆ ಸೀಟು ಇರಲಿಲ್ಲ, ಮದ್ದುಗುಂಡಿನ ಡಬ್ಬಿಯ ಅಂಚಿನ ಮೇಲೇ ಕೂರಬೇಕಿತ್ತು, ಎದ್ದಾಗ ಮೈಮೇಲೆ ಗೀರು, ಇಂಗ್ಲಿಷಿನ 'ಗ್ರೂವ್', ಉಳಿಯುತ್ತಿತ್ತು, ಅದರಿಂದ ಬಂದ ಹೆಸರು. ಮೂತ್ರ ಮಾತ್ರ ನದಿಗೇ ಬಿಡಬೇಕು. ಮೊದಲ ದಿನ ಎಲ್ಲರಿಗೂ ಇದು ಇರಿಸುಮುರಿಸು. ಆದರೆ ಮರುಭೂಮಿಯ ಮರಳನ್ನು ತೊಳೆಯಲು ಮಳೆ ಸಾಲದು. ಅಲ್ಲಿ ಬಿಟ್ಟರೆ ದಂಡೆ ಪೂರ್ತಿ ನಾರುತ್ತದೆ. ನದಿಯ ದೊಡ್ಡ ಹರಿವಿನಲ್ಲಿ ಅದು ಕರಗಿ ಹೋಗುತ್ತದೆ. ಅನ್ನದ ಅಗುಳು, ಬ್ರೆಡ್ಡಿನ ಚೂರು ಕೂಡ ಹೆಕ್ಕುತ್ತೇವೆ. ಬೆಳಿಗ್ಗೆ ಹೊರಡುವ ಮುಂಚೆ ಸಾಲಾಗಿ ತಲೆ ಬಗ್ಗಿಸಿ ದಂಡೆಯನ್ನು ಒಂದು ಸಲ ನಡೆದು ನೋಡುತ್ತೇವೆ.

61ನೇ ಮೈಲಿ ದಾಟಿದ ಮೇಲೆ ಲಿಟಲ್ ಕೊಲೊರಾಡೊ ಬಂದು ಸೇರುತ್ತದೆ. ಚಿತ್ರಗಳಲ್ಲಿ ಅದು ತಿಳಿನೀಲಿ. ನೀರಿನಲ್ಲಿರುವ ಸುಣ್ಣದ ಅಂಶದಿಂದ ಆ ಬಣ್ಣ. ನಾವು ಹೋದದ್ದು ಜುಲೈ ಕೊನೆಗೆ, ಅಲ್ಲಿಯ ಮಳೆಗಾಲ ಶುರುವಾಗಿತ್ತು. ಎಲ್ಲೋ ದೂರದಲ್ಲಿ ಬಿದ್ದ ಮಳೆ ಅದನ್ನು ಕೆಂಪು ಕೆಸರಾಗಿಸಿತ್ತು. ಕೆಲವರಿಗೆ ನಿರಾಸೆ ಆಯಿತು. ನನಗೆ ಖುಷಿಯೇ ಆಯಿತು. ಕೊಲೊರಾಡೊ ಅಂದರೆ ಸ್ಪ್ಯಾನಿಷ್‌ನಲ್ಲಿ ಕೆಂಪು ಬಣ್ಣದ್ದು ಅಂತ. ಅಲ್ಲಿಂದ ಕೆಳಗೆ ನದಿ ತನ್ನ ಹೆಸರಿನ ಬಣ್ಣದಲ್ಲೇ ಹರಿಯಿತು. ಕುಡಿಯುವ ನೀರಿಗೆ ಮಾತ್ರ ಕೆಲಸ ಹೆಚ್ಚಾಯಿತು. ರಾತ್ರಿ ಬಕೆಟ್ಟುಗಳಲ್ಲಿ ನೀರು ತುಂಬಿ ಪಟಿಕ ಹಾಕಿ ಇಡುತ್ತಿದ್ದರು. ಬೆಳಿಗ್ಗೆ ಕೆಸರು ತಳದಲ್ಲಿ ಕೂತಿರುತ್ತಿತ್ತು. ಮೇಲಿನ ತಿಳಿಯನ್ನು ಫಿಲ್ಟರಿಗೆ ಹಾಕುತ್ತಿದ್ದೆವು.

ಬ್ಲ್ಯಾಕ್‌ಟೇಲ್ ಎಂಬ ಪಕ್ಕದ ಕಮರಿಯಲ್ಲಿ ಒಂದು ಗೆರೆ ಇದೆ. ಗೆರೆಯ ಕೆಳಗಿನ ಕಲ್ಲು ಸುಮಾರು 170 ಕೋಟಿ ವರ್ಷ ಹಳೆಯದು. ಮೇಲಿನದು ಸುಮಾರು 50 ಕೋಟಿ ವರ್ಷದ್ದು. ನಡುವಿನ ಕಾಲದ ಕಲ್ಲೆಲ್ಲ ಸವೆದು ಹೋಗಿದೆ. ಅಂಗೈ ಇಟ್ಟರೆ ಎರಡೂ ಸಿಗುತ್ತವೆ. ನಾನು ಇಟ್ಟೆ.

ಲಾವಾ ಫಾಲ್ಸ್ ಬಂದದ್ದು 179ನೇ ಮೈಲಿಯಲ್ಲಿ. ಗೋಡೆಗಳ ಮೇಲೆ ಹೆಪ್ಪುಗಟ್ಟಿದ ಕಪ್ಪು ಲಾವಾ ನೋಡಿ ರಾಪಿಡ್ಡನ್ನೂ ಅದೇ ಮಾಡಿತು ಅನ್ನಿಸುತ್ತದೆ. ಆದರೆ ಅದನ್ನೂ ಮಾಡಿದ್ದು ಪಕ್ಕದ ಪ್ರಾಸ್ಪೆಕ್ಟ್ ಹಳ್ಳವೇ. 1995ರಲ್ಲಿ ಆ ಹಳ್ಳ ಮತ್ತೆ ಬಂಡೆ ತಂದು ದಾರಿ ಬದಲಿಸಿತ್ತು. ಗೈಡ್‌ಗಳು ಬಲದಂಡೆಯ ಬಂಡೆ ಹತ್ತಿ ಮುಕ್ಕಾಲು ಗಂಟೆ ನಿಂತರು. ನದಿಯ ನಡುವೆ ಒಂದು ದೊಡ್ಡ ಹೊಂಡ. ಅದರ ಪಕ್ಕದಲ್ಲಿ ನೊರೆಗುಳ್ಳೆಗಳ ತೆಳು ಸಾಲು. ಆ ಸಾಲು ಹಿಡಿದರೆ ಹೊಂಡ ತಪ್ಪುತ್ತದೆ. ನಮ್ಮ ಗೈಡ್ ರಾಫ್ಟ್ ಬಿಚ್ಚಿದ ಮೇಲೆ ಎದ್ದು ನಿಂತು ಗುಳ್ಳೆ ಹುಡುಕಿದರು. ಸಿಕ್ಕಿತು. ಹುಟ್ಟು ಎರಡೇ ಸಲ ಆಡಿಸಿದರು. ಆಮೇಲೆ ನದಿ ಬಿದ್ದಿತು, ನಾವೂ ಬಿದ್ದೆವು. "ಹೈ ಸೈಡ್" ಅಂತ ಕೂಗು ಬಂತು. ರಾಫ್ಟ್ ಮಗುಚದಂತೆ ಮೇಲೆದ್ದ ಬದಿಗೆ ಭಾರ ಹಾಕಿ ಅಂತ ಅರ್ಥ. ಎಲ್ಲರೂ ಅಲೆಯ ಕಡೆಗೇ ಮೈ ಎಸೆದೆವು. ಕೆಂಪು ನೀರು, ಬಿಳಿ ಬೆಳಕು, ಮತ್ತೆ ನೀರು. ಇಪ್ಪತ್ತು ಸೆಕೆಂಡು ಇರಬಹುದು. ಕೆಳಗಿನ ಸುಳಿಯಲ್ಲಿ ರಾಫ್ಟ್ ತಿರುಗುತ್ತಿದ್ದಾಗ ಎಲ್ಲರೂ ಒಬ್ಬರನ್ನೊಬ್ಬರು ಎಣಿಸುತ್ತಿದ್ದೆವು.

ಕೊನೆಯ ರಾತ್ರಿ 220ನೇ ಮೈಲಿಯಲ್ಲಿ ತಂಗಿದೆವು. ಕಡ್ಡಿ ನಾನು ನೆಡುತ್ತೇನೆ ಅಂದೆ. ಗೈಡ್ ಹೂಂ ಅಂದರು. ರಾತ್ರಿ ಎಚ್ಚರವಾಯಿತು. ಟಾರ್ಚ್ ಹಿಡಿದು ಇಳಿದು ಹೋದೆ. ನೀರು ಕಡ್ಡಿಯಿಂದ ಒಂದು ಗೇಣು ಹಿಂದೆ ಸರಿದಿತ್ತು. ಎರಡು ರಾಫ್ಟ್‌ಗಳ ಮೂತಿ ಆಗಲೇ ಮರಳಿಗೆ ಕಚ್ಚಿಕೊಂಡಿತ್ತು. ಅವರನ್ನು ಎಬ್ಬಿಸಲು ತಿರುಗಿದೆ. ಅವರು ಬರಿಗಾಲಲ್ಲಿ ಬರುತ್ತಿದ್ದರು. ಹಿಂದೆ ಇನ್ನೂ ನಾಲ್ಕೈದು ಜನ ಎದ್ದು ಬಂದರು, ಯಾರೂ ಕರೆದಿರಲಿಲ್ಲ. ಕತ್ತಲಲ್ಲಿ ಭುಜ ಕೊಟ್ಟು ತಳ್ಳಿದೆವು. ರಾಫ್ಟ್ ಒಂದು ಸಲ ಕರಕರ ಅಂದು ನೀರಿಗೆ ಜಾರಿತು.