ವಾಷಿಂಗ್ ಮೆಷಿನ್ ಮತ್ತೆ ಮತ್ತೆ ನೀರು ಕೇಳಿದರೆ

ಕೇಳುಗರಿಗೆ ನಮಸ್ಕಾರ.

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಒಂದು ಬೆಳಿಗ್ಗೆ. ಹೊರಗೆ ಬಿಡದ ಮಳೆ. ನಾಪೋಕ್ಲು ಕಡೆಯ ಒಂದು ಮನೆಯಿಂದ ಫೋನ್ ಬಂತು. "ಮೆಷಿನ್ ಆಫ್ ಮಾಡಿದ್ದೇನೆ ಮಾರಾಯ, ಪ್ಲಗ್ ಕೂಡ ಕಿತ್ತಿದ್ದೇನೆ. ಆದ್ರೂ ನೀರು ಒಳಗೆ ಬರ್ತಾನೇ ಇದೆ. ಬಾಗಿಲ ಗಾಜಿನ ಅರ್ಧಕ್ಕೆ ಬಂತು!" ಅಕ್ಕನ ದನಿಯಲ್ಲಿ ಗಾಬರಿ ಇತ್ತು. "ಮೊದಲು ಮೆಷಿನ್ ಹಿಂದಿನ ನಲ್ಲಿ ಮುಚ್ಚಿಬಿಡಿ ಅಕ್ಕ, ನಾನು ಬರ್ತೇನೆ" ಎಂದೆ.

ರಿಪೇರಿಗೆ ಹೋದಲ್ಲೆಲ್ಲ ನೀರಿನ ಬಗ್ಗೆಯೇ ಜಾಸ್ತಿ ದೂರು. ಅದರಲ್ಲಿ ಎಷ್ಟೋ ದೂರು ದೂರೇ ಅಲ್ಲ. ಮುಂದೆ ಬಾಗಿಲಿರುವ ಮೆಷಿನ್ ಬಟ್ಟೆಯನ್ನು ನೀರಲ್ಲಿ ಮುಳುಗಿಸಿ ಒಗೆಯುವುದಿಲ್ಲ. ಎತ್ತಿ ಎತ್ತಿ ಕೆಳಗೆ ಬೀಳಿಸಿ ಒಗೆಯುತ್ತದೆ. ನಾವು ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತೇವಲ್ವಾ, ಹಾಗೆ. ನೀರು ಜಾಸ್ತಿಯಾದರೆ ಬಟ್ಟೆ ತೇಲುತ್ತದೆ, ಏಟು ಬೀಳುವುದಿಲ್ಲ. ಗಾಜಿನ ಬುಡದಲ್ಲಿ ಒಂಚೂರು ನೀರು ಕಂಡರೆ, ಒಮ್ಮೊಮ್ಮೆ ಕಾಣದೇ ಇದ್ದರೂ, ಅದು ಸರಿಯಾಗಿಯೇ ಇದೆ. ಸೋಪು ಹಾಕುವ ಡಬ್ಬಿಯಿಂದ ಚೊಂಬಿನಲ್ಲಿ ನೀರು ಸುರಿಯುವವರಿದ್ದಾರೆ. ದಯವಿಟ್ಟು ಬೇಡ.

ನೀರು ಸಾಕೆಂದು ಮೆಷಿನ್‌ಗೆ ಗೊತ್ತಾಗುವುದು ಗಾಳಿಯಿಂದ. ಖಾಲಿ ಲೋಟವನ್ನು ಬೋರಲು ಹಾಕಿ ಬಕೆಟ್ ನೀರಿಗೆ ಒತ್ತಿ ನೋಡಿ. ಒಳಗಿನ ಗಾಳಿ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಮೆಷಿನ್‌ನಲ್ಲೂ ಟಬ್ಬಿನ ತಳದಿಂದ ಒಂದು ಸಪೂರ ಪೈಪ್ ಮೇಲಕ್ಕೆ ಹೋಗಿದೆ. ನೀರು ಏರಿದಂತೆ ಆ ಪೈಪಿನ ಗಾಳಿ ಒತ್ತುತ್ತದೆ. ಮೇಲಿರುವ ಪ್ರೆಶರ್ ಸ್ವಿಚ್‌ಗೆ ಒತ್ತಡ ಮುಟ್ಟಿದಾಗ ನೀರು ನಿಲ್ಲುತ್ತದೆ. ಆಮೇಲೆ ಡ್ರಮ್ ತಿರುಗುತ್ತದೆ, ಬಟ್ಟೆ ನೀರು ಹೀರುತ್ತದೆ, ಮಟ್ಟ ಇಳಿಯುತ್ತದೆ. ಮತ್ತೆ ನೀರು ಬರುತ್ತದೆ. ಶುರುವಿನಲ್ಲಿ ಹೀಗೆ ಮೂರ್ನಾಲ್ಕು ಸಲ ಬಂದು ನಿಂತರೆ ಹೆದರಬೇಡಿ. ಸ್ವೆಟರ್, ದಪ್ಪ ಟವೆಲ್ ಹಾಕಿದ ದಿನ ಇನ್ನೂ ಒಂದೆರಡು ಸಲ ಜಾಸ್ತಿ.

ಆದರೆ ನೀರು ನಿಲ್ಲದೇ ಏರುತ್ತಿದ್ದರೆ? ಕೈ ಒದ್ದೆ ಇಲ್ಲದಾಗ ಪ್ಲಗ್ ಕಿತ್ತು ನೋಡಿ. ನೀರು ಅಲ್ಲಿಗೇ ನಿಂತರೆ ವಾಲ್ವ್, ಅಂದರೆ ಕರೆಂಟಿನಿಂದ ತೆರೆದು ನೀರು ಒಳಗೆ ಬಿಡುವ ಭಾಗ, ಚೆನ್ನಾಗಿದೆ. ಆಗ ನನಗೆ ಅನುಮಾನ ಬರುವುದು ಆ ಸಪೂರ ಪೈಪಿನ ಮೇಲೆ. ಸೋಪಿನ ಗಸಿ ಕಟ್ಟಿರಬಹುದು, ತೂತಾಗಿರಬಹುದು, ಕಳಚಿರಬಹುದು. ಕರೆಂಟ್ ಇಲ್ಲದೆಯೂ ನೀರು ಬರುತ್ತಲೇ ಇದ್ದರೆ ತೊಂದರೆ ವಾಲ್ವ್‌ನಲ್ಲೇ.

ಅಕ್ಕನ ಮನೆಯಲ್ಲಿ ಆದದ್ದು ಅದೇ. ಗುಡ್ಡದ ಮೇಲಿನ ತೋಡಿನಿಂದ ಪೈಪಿನಲ್ಲಿ ಬರುವ ನೀರು ಅದು. ಮಳೆಗಾಲದಲ್ಲಿ ಕೆಂಪು. ಹೋಸ್ ಬಿಚ್ಚಿದೆ. ವಾಲ್ವ್ ಬಾಯಲ್ಲಿ ಬೆರಳ ತುದಿಯಷ್ಟು ಸಣ್ಣ ಜರಡಿ ಇರುತ್ತದೆ. ಇಕ್ಕಳದಲ್ಲಿ ಎಳೆದು ತೆಗೆದೆ. ಕೆಂಪು ಮಣ್ಣು, ಕೊಳೆತ ಎಲೆಯ ನಾರು ಮೆತ್ತಿಕೊಂಡಿತ್ತು. ತೊಳೆದು ಬೆಳಕಿಗೆ ಹಿಡಿದರೆ ಒಂದು ಮೂಲೆ ಹರಿದಿತ್ತು. ಅಲ್ಲಿಂದ ಮರಳು ಒಳಗೆ ಹೋಗಿ ರಬ್ಬರಿನ ಕೆಳಗೆ ಕೂತಿತ್ತು. ರಬ್ಬರ್ ಪೂರ್ತಿ ಮುಚ್ಚಲಾಗದೆ ನೀರು ಸೋರುತ್ತಿತ್ತು.

ನಮ್ಮ ಕಡೆ ನೀರಿನ ಒತ್ತಡವೂ ಒಂದು ಸಮಸ್ಯೆ. ಟ್ಯಾಂಕಿ 10 ಮೀಟರ್ ಎತ್ತರದಲ್ಲಿದ್ದರೆ ಹೆಚ್ಚುಕಡಿಮೆ 1 ಬಾರ್ ಒತ್ತಡ ಸಿಗುತ್ತದೆ. ಟೆರೇಸ್ ಮೇಲಿನ ಟ್ಯಾಂಕಿ ಮೆಷಿನ್‌ಗಿಂತ ಎರಡೇ ಮೀಟರ್ ಮೇಲಿದ್ದರೆ ಅದು 0.2 ಬಾರ್ ಮಾತ್ರ. ಎಷ್ಟೋ ಮೆಷಿನ್‌ಗೆ ಇದು ಸಾಲದು. ನೀರು ತುಂಬಲು ತಡವಾಗಿ ಮೆಷಿನ್ ಎರರ್ ತೋರಿಸಿ ನಿಲ್ಲುತ್ತದೆ. ವಾಲ್ವ್ ಬಿಗಿಯಾಗಿ ಮುಚ್ಚುವುದಕ್ಕೂ ನೀರಿನ ಒತ್ತಡವೇ ಬೇಕು. ಇನ್ನು ತೋಟದ ತಲೆಯಲ್ಲಿ, ಮನೆಗಿಂತ ನೂರು ಮೀಟರ್ ಮೇಲೆ ಟ್ಯಾಂಕಿ ಇದ್ದರೆ ಸುಮಾರು 10 ಬಾರ್! ಅಂಥ ಕಡೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಲೇಬೇಕು.

ಇನ್ನೊಂದು, ಹೊರಗೆ ಹೋಗುವ ಪೈಪ್. ನೀರು ತರಕಾರಿ ಗಿಡಕ್ಕೆ ಹೋಗಲಿ ಎಂದು ಕೆಲವರು ಅದನ್ನು ನೆಲದ ಮೇಲೇ ಇಳಿಜಾರಿಗೆ ಬಿಡುತ್ತಾರೆ. ಆಗ ಒಳಗೆ ಬಂದ ನೀರು ತಾನಾಗಿ ಹೊರಗೆ ಹರಿದುಬಿಡುತ್ತದೆ, ಮೆಷಿನ್ ತುಂಬುವುದೇ ಇಲ್ಲ. ಆ ಪೈಪನ್ನು ನೆಲದಿಂದ ಸುಮಾರು 60 ಸೆಂಟಿಮೀಟರಿಗಿಂತ ಮೇಲಕ್ಕೆ ಎತ್ತಿ ಕಟ್ಟಿ, ಆಮೇಲೆ ಬಿಡಿ.

ಅಕ್ಕನ ಮೆಷಿನ್‌ಗೆ ಹೊಸ ವಾಲ್ವ್ ಹಾಕಿದೆ. ನಲ್ಲಿಯ ಹತ್ತಿರ ಬಿಚ್ಚಿ ತೊಳೆಯಬಹುದಾದ ಒಂದು ಫಿಲ್ಟರ್ ಕೂರಿಸಿದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ ಎಂದು ಬಿಚ್ಚಿ ತೋರಿಸಿದೆ. ಆಮೇಲೆ ಮೆಷಿನ್ ಹಾಕಿ ಇಬ್ಬರೂ ಮುಂದೆ ಕೂತೆವು. ನೀರು ಬಂತು. ಅರ್ಧದಲ್ಲಿ ಅಕ್ಕ ಪ್ಲಗ್ ಕಿತ್ತರು. ಸದ್ದು ನಿಂತಿತು. ಗಾಜಿಗೆ ಕಣ್ಣು ಹಚ್ಚಿ ಐದು ನಿಮಿಷ ನೋಡಿದರು. ಒಂದು ಹನಿಯೂ ಏರಲಿಲ್ಲ.

ನಮಸ್ಕಾರ.