ರೀಸೆಟ್ ಬಟನ್ ಒತ್ತುವ ಮೊದಲು

ನಮಸ್ಕಾರ. ಮನೆಯ ವೈಫೈ ಸ್ಪೀಕರ್ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರೆ, ಇಲ್ಲವೇ ಫೋನಿನ ಕಣ್ಣಿಗೇ ಬೀಳದೆ ಹೋದರೆ, ಯಾರನ್ನು ಕೇಳಿದರೂ ಸಿಗುವ ಮೊದಲ ಸಲಹೆ ಒಂದೇ: ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಎಲ್ಲ ಸೆಟ್ಟಿಂಗ್ ಅಳಿಸಿ ಹೊಸದರಂತೆ ಮಾಡಿ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ.

2025ರ ಮಾರ್ಚ್‌ನಲ್ಲಿ ನಡೆದದ್ದನ್ನು ನೋಡಿ. ಗೂಗಲ್‌ನ ಟಿವಿಗೆ ಸಿಕ್ಕಿಸಿ ಇಂಟರ್‌ನೆಟ್ ವಿಡಿಯೊ ನೋಡುವ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್ ಮತ್ತು ಕ್ರೋಮ್‌ಕಾಸ್ಟ್ ಆಡಿಯೊ ಸಾಧನಗಳು ಹಲವು ದೇಶಗಳಲ್ಲಿ ಒಟ್ಟಿಗೇ ಕೈಕೊಟ್ಟವು. ಕ್ರೋಮ್‌ಕಾಸ್ಟ್ ಆಡಿಯೊ ಎಂದರೆ ಹಳೆಯ ಸ್ಪೀಕರ್‌ಗೆ ಸಿಕ್ಕಿಸಿದರೆ ಅದನ್ನೇ ವೈಫೈ ಸ್ಪೀಕರ್ ಮಾಡಿಬಿಡುವ ಪುಟ್ಟ ಬಿಲ್ಲೆ, 2015ರಲ್ಲಿ ಬಂದದ್ದು. ಕೆಟ್ಟದ್ದು ಸಾಧನವಲ್ಲ. ಅದರ ಗುರುತನ್ನು ಖಾತರಿಪಡಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೇ. ರೀಸೆಟ್ ಮಾಡಬೇಡಿ ಎಂದು ಕಂಪನಿಯೇ ಆಗ ಹೇಳಬೇಕಾಯಿತು. ಅಷ್ಟರಲ್ಲಿ ರೀಸೆಟ್ ಮಾಡಿಕೊಂಡವರು ಹೆಚ್ಚು ದಿನ ಕಾಯಬೇಕಾಯಿತು, ಏಕೆಂದರೆ ಅಳಿಸಿಹೋದ ಸೆಟಪ್ಪನ್ನು ಮತ್ತೆ ಮಾಡಲು ಅದೇ ಪ್ರಮಾಣಪತ್ರ ಬೇಕಿತ್ತು. ಏನೂ ಮಾಡದೆ ಸುಮ್ಮನಿದ್ದವರ ಸಾಧನಕ್ಕೆ ಪರಿಹಾರ ಸುಲಭವಾಗಿ ತಲುಪಿತು.

ಹಾಗಾದರೆ ಮೊದಲು ಏನು ಮಾಡಬೇಕು? ಹಾಡು ಯಾವ ದಾರಿಯಲ್ಲಿ ಬರುತ್ತಿದೆ ಎಂದು ತಿಳಿದುಕೊಳ್ಳಬೇಕು. ಬ್ಲೂಟೂತ್‌ನಲ್ಲಿ ಹಾಡು ಫೋನಿನಿಂದ ನೇರವಾಗಿ ಸ್ಪೀಕರ್‌ಗೆ ಹೋಗುತ್ತದೆ. ಸ್ಪಾಟಿಫೈ ಕನೆಕ್ಟ್ ಅಥವಾ ಗೂಗಲ್ ಕಾಸ್ಟ್‌ನಲ್ಲಿ ಫೋನ್ ಬರೀ ರಿಮೋಟ್. ಹಾಡನ್ನು ಇಂಟರ್‌ನೆಟ್‌ನಿಂದ ಸ್ಪೀಕರ್ ತಾನೇ ತರಿಸಿಕೊಳ್ಳುತ್ತದೆ. ಆದ್ದರಿಂದ ಸ್ಪೀಕರ್‌ನಲ್ಲಿ ಬ್ಲೂಟೂತ್ ಇದ್ದರೆ ಅದರಲ್ಲಿ ಒಂದು ಹಾಡು ಹಾಕಿ ನೋಡಿ. ಸರಾಗವಾಗಿ ಕೇಳಿಸಿತೇ? ಹಾಗಾದರೆ ಸ್ಪೀಕರ್ ಚೆನ್ನಾಗಿದೆ, ತೊಂದರೆ ಬಹುತೇಕ ವೈಫೈ ಕಡೆಯದ್ದು.

ವೈಫೈ ಕಡೆಯದ್ದು ಎಂದ ಕೂಡಲೇ ದುಬಾರಿ ಇಂಟರ್‌ನೆಟ್ ಪ್ಲಾನ್‌ಗೆ ಹೋಗಬೇಡಿ. ಸ್ಪಾಟಿಫೈಯ 320 ಕೆಬಿಪಿಎಸ್ ಹಾಡಿಗೆ ಅರ್ಧ ಎಂಬಿಪಿಎಸ್ (500 ಕೆಬಿಪಿಎಸ್) ವೇಗ ಕೂಡ ಬೇಕಾಗಿಲ್ಲ. ಸಿಡಿಯ ಗುಣಮಟ್ಟದ ಸಂಗೀತಕ್ಕೂ ಸುಮಾರು 1.4 ಎಂಬಿಪಿಎಸ್ ಸಾಕು. 40 ಎಂಬಿಪಿಎಸ್ ಇರುವ ಮನೆಯಲ್ಲಿ ಹಾಡು ತಡವರಿಸುತ್ತಿದ್ದರೆ 200 ಎಂಬಿಪಿಎಸ್ ಹಾಕಿಸಿದರೂ ತಡವರಿಸುತ್ತದೆ. ಕೊರತೆ ಇರುವುದು ರೌಟರ್ ಮತ್ತು ಸ್ಪೀಕರ್ ನಡುವಿನ ಆ ಹತ್ತಿಪ್ಪತ್ತು ಅಡಿಗಳಲ್ಲಿ. ಅಗ್ಗದ ಸ್ಪೀಕರ್‌ಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲವು. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಮನೆಗಳ ರೌಟರ್‌ಗಳೆಲ್ಲ ಅದೇ ತರಂಗದಲ್ಲಿ ಕಿಕ್ಕಿರಿದಿರುತ್ತವೆ. ಮೈಕ್ರೊವೇವ್ ಓವನ್ ಕೂಡ ಅಲ್ಲಿಗೇ ಬಂದು ಸೇರುತ್ತದೆ. ರೌಟರ್‌ನ ಸೆಟ್ಟಿಂಗ್‌ನಲ್ಲಿ ಚಾನೆಲ್ಲನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ, ಯಾವುದರಲ್ಲಿ ಜನದಟ್ಟಣೆ ಕಡಿಮೆಯೋ ಅದಕ್ಕೆ ಬದಲಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ರೌಟರನ್ನು ಟಿವಿಯ ಹಿಂದಿನಿಂದ, ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆದು ಎತ್ತರದಲ್ಲಿಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಹಾಡು ತಡವರಿಸುವುದಲ್ಲ, ಸ್ಪೀಕರ್ ಕಾಣಿಸುವುದೇ ಇಲ್ಲ ಎನ್ನುವವರ ಕಥೆ ಬೇರೆ. ನಮ್ಮ ಮನೆಗಳಲ್ಲಿ ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯೊಂದು ವೈಫೈ ಹರಡುತ್ತಿರುತ್ತದೆ, ನಾವು ಕೊಂಡ ರೌಟರ್ ಇನ್ನೊಂದನ್ನು ಹರಡುತ್ತಿರುತ್ತದೆ. ಫೋನ್ ಒಂದರಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಇದ್ದರೆ ಎರಡಕ್ಕೂ ಇಂಟರ್‌ನೆಟ್ ಇರುತ್ತದೆ, ಪರಸ್ಪರ ಪರಿಚಯ ಮಾತ್ರ ಇರುವುದಿಲ್ಲ. ಗೆಸ್ಟ್ ವೈಫೈಗೆ ಸೇರಿಸಿದರೂ ಇದೇ ಗತಿ. ಎರಡರಲ್ಲಿ ಒಂದು ವೈಫೈಯನ್ನು ಆಫ್ ಮಾಡಿಬಿಡಿ. ಐಫೋನ್ ಇದ್ದವರು ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಕೊಟ್ಟಿದ್ದೀರಾ ನೋಡಿ. ವಿಪಿಎನ್ ಚಾಲೂ ಇದ್ದರೆ ಆಫ್ ಮಾಡಿ.

ಇನ್ನೊಂದು ವಿಷಯವನ್ನು ಹೊರದೇಶಗಳಲ್ಲಿ, ಬೇರೆ ಊರುಗಳಲ್ಲಿ ಇರುವವರು ಗಮನವಿಟ್ಟು ಕೇಳಬೇಕು. ರಜೆಗೆ ಬಂದಾಗ ಅಪ್ಪ ಅಮ್ಮನಿಗೆ ಸ್ಪೀಕರ್ ಕೊಡಿಸಿ, ಹೊಂದಿಸಿ ಹೋಗಿರುತ್ತೀರಿ. ಬೆಳಗ್ಗೆ ಸುಪ್ರಭಾತ, ಸಂಜೆ ದೇವರನಾಮ ಕೇಳುವುದು ಅವರಿಗೆ ಅಭ್ಯಾಸವಾಗಿರುತ್ತದೆ. ಒಂದು ದಿನ ರೌಟರ್ ಬದಲಾಗುತ್ತದೆ, ಸ್ಪೀಕರ್ ಮೂಕವಾಗುತ್ತದೆ. ಫೋನಿನಲ್ಲಿ ಅವರಿಗೆ ರೀಸೆಟ್ ಕಲಿಸಲು ಹೋಗಬೇಡಿ. ಹೊಸ ರೌಟರ್‌ಗೆ ಹಳೆಯ ವೈಫೈ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರವೂ ತಪ್ಪದಂತೆ ಇಡುವಂತೆ, ಅದನ್ನು ಹಾಕಲು ಬಂದ ತಂತ್ರಜ್ಞರಿಗೆ ಹೇಳಿ. ವೈಫೈ ಭದ್ರತೆಯ ಪದ್ಧತಿಯನ್ನು ಹೊಸ ಡಬ್ಲ್ಯುಪಿಎ3 ಮಾತ್ರ ಎಂದು ಇಡದೆ, ಹಳೆಯ ಡಬ್ಲ್ಯುಪಿಎ2 ಕೂಡ ಸೇರಿರುವ ಆಯ್ಕೆ ಇರಲಿ. ಸಾಮಾನ್ಯವಾಗಿ ಸ್ಪೀಕರ್ ತಾನಾಗಿಯೇ ಸೇರಿಕೊಳ್ಳುತ್ತದೆ, ಹಿರಿಯರು ಏನನ್ನೂ ಮುಟ್ಟಬೇಕಾಗಿಲ್ಲ.

ಇಷ್ಟೆಲ್ಲವನ್ನೂ ನಾವೇ ಊಹಿಸಿ ಹುಡುಕಬೇಕೇ ಎಂಬುದು ನನ್ನ ನಿಜವಾದ ತಕರಾರು. ಸಿಗ್ನಲ್ ಎಷ್ಟು ದುರ್ಬಲ ಎಂದು ಸ್ಪೀಕರ್‌ಗೆ ಗೊತ್ತು. ರೌಟರ್ ಸಿಕ್ಕಿದೆ, ಇಂಟರ್‌ನೆಟ್ ಸಿಕ್ಕಿಲ್ಲ ಎಂಬುದೂ ಗೊತ್ತು. ಆದರೂ ಆ್ಯಪ್ ಹೇಳುವುದು "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಎಂದು. ದುಡ್ಡು ಕೊಟ್ಟವರಿಗೆ ಕಾರಣ ತಿಳಿಯುವ ಹಕ್ಕಿದೆ.

ತಪ್ಪು ಕಂಪನಿಯದ್ದೇ ಆದಾಗಲಂತೂ ನಾವು ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. 2024ರ ಮೇ ತಿಂಗಳಲ್ಲಿ ವೈಫೈ ಸ್ಪೀಕರ್ ತಯಾರಿಸುವ ಸೋನೋಸ್ ಕಂಪನಿ ತನ್ನ ಆ್ಯಪನ್ನು ಪೂರ್ತಿ ಬದಲಿಸಿತು. ಅಲಾರಂನಂಥ ಮಾಮೂಲಿ ಸೌಲಭ್ಯಗಳೇ ಮಾಯವಾದವು, ಚೆನ್ನಾಗಿದ್ದ ಸ್ಪೀಕರ್‌ಗಳು ಸತಾಯಿಸತೊಡಗಿದವು. ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಕ್ಷಮೆ ಕೇಳಿದರು. 2025ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೋಸ್ ಕಂಪನಿ ತನ್ನ ಸೌಂಡ್‌ಟಚ್ ಸ್ಪೀಕರ್‌ಗಳಿಗೆ ಕ್ಲೌಡ್ ಸೇವೆಯನ್ನು, ಅಂದರೆ ಇಂಟರ್‌ನೆಟ್ ಮೂಲಕ ತನ್ನ ಸರ್ವರ್‌ಗಳಿಂದ ಕೊಡುತ್ತಿದ್ದ ಸೇವೆಯನ್ನು, ನಿಲ್ಲಿಸುವುದಾಗಿ ಪ್ರಕಟಿಸಿತು. ಬ್ಲೂಟೂತ್ ಮತ್ತು ಆಕ್ಸ್ ತಂತಿಯ ಮೂಲಕ ಹಾಡು ಕೇಳುವುದಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು. ದುಬಾರಿ ಬೆಲೆ ತೆತ್ತು ಕೊಂಡವರಿಗೆ ಸರ್ವರ್ ಕೈಬಿಟ್ಟಾಗಲೂ ನಂಬಬಹುದಾದದ್ದು ಬ್ಲೂಟೂತ್ ಮತ್ತು ಆ ಹಳೆಯ ತಂತಿ.

ಹಾಗಾಗಿ ಹೊಸ ಸ್ಪೀಕರ್ ಕೊಳ್ಳುವವರಿಗೆ ನನ್ನ ಮಾತು ಇಷ್ಟು: ಅಂಗಡಿಯಲ್ಲಿ ಅದನ್ನು ತಿರುಗಿಸಿ ಬೆನ್ನನ್ನು ನೋಡಿ. 3.5 ಮಿಲಿಮೀಟರ್ ಆಕ್ಸ್ ಕಿಂಡಿ ಇದೆಯೇ? ಆ್ಯಪ್ ಇಲ್ಲದೆ, ಖಾತೆ ತೆರೆಯದೆ ಬ್ಲೂಟೂತ್‌ನಲ್ಲಿ ಹಾಡುತ್ತದೆಯೇ? ಅಲ್ಲೇ ಹಾಕಿಸಿ ಕೇಳಿ. ಎರಡೂ ಇಲ್ಲದ ಸ್ಪೀಕರ್ ಎಷ್ಟೇ ಇಂಪಾಗಿ ಹಾಡಲಿ, ನಾನು ಅದನ್ನು ಕೊಳ್ಳುವುದಿಲ್ಲ.